ಕೆರೆಯ ಹಸಿರು ಗುಂಡು, ಕಲ್ಲಿಗಂಟಿದ ಸ್ಪಂಜು

1933ರಲ್ಲಿ ಲಂಡನ್ನಿನ ಲಿನ್ನೇಯನ್ ಸೊಸೈಟಿಯ ಸಸ್ಯಶಾಸ್ತ್ರ ಪತ್ರಿಕೆ ಐವತ್ತು ಪುಟಗಳ ಒಂದು ಪ್ರಬಂಧವನ್ನು ಅಚ್ಚುಹಾಕಿತು. ದಕ್ಷಿಣ ಭಾರತದ ನೀರಿನಲ್ಲಿ ಕೂಟ ಕಟ್ಟಿಕೊಂಡು ಬದುಕುವ ಹಸಿರು ಪಾಚಿಗಳ ವಿವರ ಅದರಲ್ಲಿತ್ತು. ಬರೆದವರು ಮದ್ರಾಸಿನ ಎಂ.ಓ.ಪಿ. ಅಯ್ಯಂಗಾರ್. ಪೂರ್ತಿ ಹೆಸರು ಮಂಡಯಂ ಓಸೂರಿ ಪಾರ್ಥಸಾರಥಿ ಅಯ್ಯಂಗಾರ್. ಮಂಡ್ಯವನ್ನು ತಮ್ಮ ಮೂಲವೆಂದು ಹೇಳಿಕೊಳ್ಳುವ ಶ್ರೀವೈಷ್ಣವ ಕುಟುಂಬಗಳು ಎಷ್ಟು ದೂರ ಹೋಗಿ ನೆಲೆಸಿದರೂ ಹೆಸರಿನ ಮುಂದೆ ಉಳಿಸಿಕೊಂಡ ಊರು ಅದು. ಅಯ್ಯಂಗಾರ್ ಹುಟ್ಟಿದ್ದು 1886ರಲ್ಲಿ, ಮದ್ರಾಸಿನಲ್ಲಿ. ಕೆಲಸ ಮಾಡಿದ್ದೂ ಅಲ್ಲಿಯ ಪ್ರೆಸಿಡೆನ್ಸಿ ಕಾಲೇಜು ಮತ್ತು ವಿಶ್ವವಿದ್ಯಾಲಯದಲ್ಲಿ. ಅಯ್ಯಂಗಾರರನ್ನು ಭಾರತದ ಪಾಚಿಶಾಸ್ತ್ರದ ಪಿತಾಮಹ ಎಂದು ಕರೆಯುವುದು ರೂಢಿ. ಅವರು ವಿವರಿಸಿದ ಬಳಗದ ಜೀವಿಗಳಿಗೆ ಬೇಕಾದದ್ದು ನಿಂತ ನೀರು, ಒಳ್ಳೆಯ ಬಿಸಿಲು. ಮಂಡ್ಯ ಸೀಮೆಯ ಕೆರಗೋಡು, ಮದ್ದೂರು, ಮಳವಳ್ಳಿ ಕಡೆಯ ಕೆರೆಗಳಲ್ಲೂ ಗದ್ದೆಗಳಲ್ಲೂ ಇವೆರಡಕ್ಕೆ ಬರವಿಲ್ಲ.

ಕೆರಗೋಡು ಹಳೆಯ ಸೀಮೆ. ಗಂಗರ ದೊರೆ ಒಂದನೆಯ ಶಿವಮಾರನ ಕಾಲದ, ಕ್ರಿ.ಶ. 713ರ ಹಲ್ಲೇಗೆರೆ ತಾಮ್ರಶಾಸನದಲ್ಲಿ ಕೆರೆಗೋಡು ವಿಷಯ ಎಂಬ ಆಡಳಿತ ವಿಭಾಗದ ಹೆಸರು ಬರುತ್ತದೆ. ಏರಿ, ತೂಬು, ಕೋಡಿ, ಅಚ್ಚುಕಟ್ಟು, ನೀರು ಹಂಚುವ ನೀರುಗಂಟಿ, ಇವೆಲ್ಲ ಸೇರಿ ಈ ಕಡೆಯ ಬದುಕನ್ನು ನೂರಾರು ವರ್ಷ ನಡೆಸಿದವು. ಕೆರೆ ಕಟ್ಟಿಸಿದವರ, ದಾನ ಬಿಟ್ಟವರ, ಹೂಳೆತ್ತಿದವರ ಚರಿತ್ರೆ ಕಲ್ಲಿನ ಮೇಲೂ ತಾಮ್ರದ ಮೇಲೂ ಉಳಿದಿದೆ. ಕೆರೆನೀರಿಗೆ ಇನ್ನೊಂದು ಚರಿತ್ರೆಯೂ ಇದೆ. ಮೊದಲ ಪ್ರಾಣಿ ಹೇಗೆ ಹುಟ್ಟಿತು, ಒಂಟಿ ಕೋಶಗಳು ಕೂಡಿ ಮೈ ಎಂಬುದು ಹೇಗಾಯಿತು ಎಂದು ಕೇಳಿದವರು ಉತ್ತರ ಹುಡುಕಿದ್ದು ಇಂಥ ನೀರಿನಲ್ಲೂ. ಆ ಹುಡುಕಾಟದ ಒಂದು ಮುಖ್ಯ ಎಳೆ ಭಾರತದ ಕೆರೆಗಳಿಂದ ಹೊರಟದ್ದು.

ಮೊದಲು ಪಾಚಿಗಳ ಪರಿಚಯವಾಗಲಿ. ಕ್ಲಾಮಿಡೊಮೊನಸ್ ಎಂಬುದು ಒಂದೇ ಕೋಶದ ಹಸಿರು ಜೀವಿ. ಎರಡು ಕಶಾಂಗ, ಅಂದರೆ ಚಾವಟಿಯ ಹಾಗೆ ಬಡಿಯುವ ಎಳೆಗಳು; ಬೆಳಕು ಗುರುತಿಸಲು ಒಂದು ಕೆಂಪು ಕಣ್ಚುಕ್ಕೆ. ಅದರ ಸಂಬಂಧಿ ಗೋನಿಯಂನಲ್ಲಿ ಇಂಥದೇ ಕೋಶಗಳು ನಾಲ್ಕೋ ಹದಿನಾರೋ ಒಂದು ತಟ್ಟೆಯಾಗಿ ಅಂಟಿಕೊಂಡಿರುತ್ತವೆ. ಪ್ಯಾಂಡೊರಿನಾದಲ್ಲಿ ಅವು ಗಟ್ಟಿ ಉಂಡೆಯಾಗುತ್ತವೆ. ಯೂಡೊರಿನಾದಲ್ಲಿ 16 ಅಥವಾ 32 ಕೋಶಗಳ ಗೋಳ. ಪ್ಲಿಯೊಡೊರಿನಾದಲ್ಲಿ ಕೋಶಗಳ ನಡುವೆ ಮೊದಲ ಬಾರಿಗೆ ಭೇದ ಕಾಣಿಸುತ್ತದೆ: ಮುಂದಿನ ಸಣ್ಣ ಕೋಶಗಳು ಈಜುತ್ತವೆ, ಹಿಂದಿನ ದೊಡ್ಡವು ಮರಿ ಮಾಡುತ್ತವೆ. ಕೊನೆಗೆ ವಾಲ್ವಾಕ್ಸ್. ಐನೂರರಿಂದ ಹಲವು ಸಾವಿರ ಕೋಶಗಳ ಟೊಳ್ಳು ಗೋಳ, ಒಳಗೆ ಲೋಳೆ, ಹೊರಮೈ ತುಂಬ ಕಶಾಂಗ. ದೊಡ್ಡವು ಒಂದು ಮಿಲಿಮೀಟರಿನಷ್ಟಿದ್ದು ಬರಿಗಣ್ಣಿಗೇ ಕಾಣುತ್ತವೆ. ಗಾಜಿನ ಲೋಟದ ನೀರನ್ನು ಬೆಳಕಿಗೆ ಹಿಡಿದರೆ ಹಸಿರು ಚುಕ್ಕೆಗಳು ನಿಧಾನವಾಗಿ ಉರುಳುತ್ತ ಸಾಗುವುದು ತಿಳಿಯುತ್ತದೆ.

ಈ ಉರುಳುವ ಗುಂಡನ್ನು ಮೊದಲು ಕಂಡು ಬರೆದವನು ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್. 1700ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ, ದೊಡ್ಡ ಗುಂಡಿನೊಳಗೆ ಸಣ್ಣ ಗುಂಡುಗಳು ಬೆಳೆದು, ತಾಯಿ ಒಡೆದಾಗ ಹೊರಬೀಳುವುದನ್ನು ಅವನು ವಿವರಿಸಿದ್ದಾನೆ. 1758ರಲ್ಲಿ ಲಿನ್ನೇಯಸ್ ಅದಕ್ಕೆ ವಾಲ್ವಾಕ್ಸ್ ಎಂದು ಹೆಸರಿಟ್ಟು ಪ್ರಾಣಿಗಳ ಸಾಲಿಗೆ ಸೇರಿಸಿದ. ಅದು ಒಂದು ಜೀವಿಯಲ್ಲ, ಅನೇಕ ಕೋಶಗಳ ಕೂಟ ಎಂದು ಜರ್ಮನಿಯ ಎರೆನ್‌ಬರ್ಗ್ 1830ರ ದಶಕದಲ್ಲಿ ತೋರಿಸಿದ. ಪ್ರಾಣಿಯೋ ಸಸ್ಯವೋ ಎಂಬ ಜಗ್ಗಾಟ ಆಮೇಲೂ ಬಹಳ ಕಾಲ ನಡೆಯಿತು.

ಇಲ್ಲಿಂದ ಕಥೆ ಮುಂಬಯಿಗೆ ಬರುತ್ತದೆ.

ಹೆನ್ರಿ ಜಾನ್ ಕಾರ್ಟರ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ. ಇಂಗ್ಲೆಂಡಿನ ಡೆವನ್ ಪ್ರಾಂತ್ಯದವನು, ಹುಟ್ಟಿದ್ದು 1813ರಲ್ಲಿ. 1842ರಲ್ಲಿ ಮುಂಬಯಿ ಸೇವೆಗೆ ಸೇರಿ, ನಡುವೆ ಪ್ಯಾಲಿನೂರಸ್ ಎಂಬ ಸರ್ವೆ ಹಡಗಿನಲ್ಲಿ ಅರೇಬಿಯಾದ ದಡವನ್ನೂ ಸುತ್ತಿಬಂದ. ಡಾಕ್ಟರಿಕೆಯ ಜೊತೆಗೆ ಅವನ ಮನಸ್ಸೆಲ್ಲ ಮುಂಬಯಿ ದ್ವೀಪದ ಕೆರೆಗಳಲ್ಲಿತ್ತು. ಆಗಿನ ಮುಂಬಯಿಯಲ್ಲಿ ಕುಡಿಯುವುದಕ್ಕೂ ಬಟ್ಟೆ ಒಗೆಯುವುದಕ್ಕೂ ಕೆರೆಬಾವಿಗಳೇ ಗತಿ. 1848ರ ಸುಮಾರಿಗೆ ಕಾರ್ಟರ್ ಈ ಕೆರೆಗಳಲ್ಲಿ ಸಿಗುವ ಸಿಹಿನೀರಿನ ಸ್ಪಂಜುಗಳ ಬಗ್ಗೆ ಬರೆದ ಟಿಪ್ಪಣಿಗಳು ಇವತ್ತಿಗೂ ಓದುವಂಥವು. ಸ್ಪಂಜು ಸಸ್ಯವೋ ಪ್ರಾಣಿಯೋ ಎಂಬುದೇ ಆಗ ಪೂರ್ತಿ ಇತ್ಯರ್ಥವಾಗಿರಲಿಲ್ಲ. ಎಡಿನ್‌ಬರೊದಲ್ಲಿ ಡಾರ್ವಿನ್ನನಿಗೆ ಗುರುವಾಗಿದ್ದ ರಾಬರ್ಟ್ ಗ್ರಾಂಟ್, ಸ್ಪಂಜು ಸಣ್ಣ ರಂಧ್ರಗಳಿಂದ ನೀರೆಳೆದು ದೊಡ್ಡ ಬಾಯಿಗಳಿಂದ ಹೊರಹಾಕುವುದನ್ನು 1820ರ ದಶಕದಲ್ಲಿ ತೋರಿಸಿದ್ದ. ಆ ನೀರನ್ನು ಒಳಗೆ ಎಳೆಯುವುದು ಯಾವುದು ಎಂಬ ಪ್ರಶ್ನೆ ಉಳಿದಿತ್ತು. ಕಾರ್ಟರ್ ಮುಂಬಯಿಯ ಸ್ಪಂಜಿನ ಎಳೆಯ ಮರಿಗಳನ್ನು ಗಾಜಿನ ಮೇಲೆ ಬೆಳೆಸಿ, ಬಣ್ಣದ ಪುಡಿ ಉಣಿಸಿ ನೋಡಿದ. ಒಳಗೆ ಪುಟ್ಟ ಪುಟ್ಟ ಚೀಲಗಳು, ಚೀಲದ ಗೋಡೆಯ ತುಂಬ ಕಶಾಂಗ ಬಡಿಯುವ ಕೋಶಗಳು, ಅವು ಪುಡಿಯನ್ನು ಹಿಡಿದು ನುಂಗುವುದು ಅವನಿಗೆ ಕಂಡಿತು. 1857ರಲ್ಲಿ ಅದನ್ನು ಪ್ರಕಟಿಸಿದ.

ಮರುವರ್ಷಗಳಲ್ಲೇ ಅವನು ವಾಲ್ವಾಕ್ಸಿನ ಕಡೆಗೆ ಹೊರಳಿದ. ಅದರಲ್ಲಿ ಗಂಡು ಕೋಶ, ಹೆಣ್ಣು ಕೋಶಗಳು ಕೂಡುವ ಬಗೆಯನ್ನು ವಿವರಿಸಿ 1859ರಲ್ಲಿ ಬರೆದ. ಆ ವರ್ಷವೇ ಡಾರ್ವಿನ್ನನ ಮಹಾಗ್ರಂಥ ಹೊರಬಂತು, ಆ ವರ್ಷವೇ ಕಾರ್ಟರ್ ರಾಯಲ್ ಸೊಸೈಟಿಯ ಸದಸ್ಯನಾದ. ಮುಂಬಯಿಯ ವಾಲ್ವಾಕ್ಸ್ ಯೂರೋಪಿನದಕ್ಕಿಂತ ಬೇರೆ ಜಾತಿ ಎಂದು ಕಂಡ ಶ್ಟೈನ್ ಎಂಬ ವಿದ್ವಾಂಸ 1878ರಲ್ಲಿ ಅದಕ್ಕೆ ವಾಲ್ವಾಕ್ಸ್ ಕಾರ್ಟೆರಿ ಎಂದು ಹೆಸರಿಟ್ಟ. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಅಭ್ಯಾಸವಾಗಿರುವ ವಾಲ್ವಾಕ್ಸ್ ಜಾತಿ ಇದೇ. ದಕ್ಷಿಣ ಭಾರತದ ನೀರಿನಲ್ಲಿ ಹೆಚ್ಚಾಗಿ ಸಿಗುವ ಸ್ಪಂಜಿಗೂ ಅವನದೇ ಹೆಸರು: ಆಗ ಸ್ಪಂಜಿಲ್ಲಾ ಕಾರ್ಟೆರಿ, ಈಗ ಯೂನೇಪಿಯಸ್ ಕಾರ್ಟೆರಿ.

ಹೀಗೆ ಒಂದೇ ಊರಿನ ಕೆರೆಗಳಲ್ಲಿ ಒಬ್ಬನೇ ಮನುಷ್ಯ ಹಸಿರು ಗುಂಡನ್ನೂ ನೋಡಿದ, ಕಲ್ಲಿಗಂಟಿದ ಸ್ಪಂಜನ್ನೂ ನೋಡಿದ. ಆಮೇಲಿನ ನೂರು ವರ್ಷ ಪಠ್ಯಪುಸ್ತಕಗಳು ಗುಂಡಿಗೆ ಕೊಟ್ಟ ಮರ್ಯಾದೆಯನ್ನು ಸ್ಪಂಜಿಗೆ ಕೊಡಲಿಲ್ಲ. ಅದು ಸರಿಯಾದ ತೀರ್ಮಾನವಾಗಿರಲಿಲ್ಲ.

ಗುಂಡಿಗೆ ಪ್ರಾಣಿಗಳ ಪೂರ್ವಜನ ಮಾದರಿ ಎಂಬ ಪಟ್ಟ ಕಟ್ಟಿದವನು ಜರ್ಮನಿಯ ಅರ್ನ್‌ಸ್ಟ್ ಹೆಕೆಲ್. ಪ್ರಾಣಿಯ ಭ್ರೂಣ ಮೊದಲು ಒಂದು ಕೋಶ, ಆಮೇಲೆ ಕೋಶಗಳ ಟೊಳ್ಳು ಉಂಡೆ, ಆಮೇಲೆ ಒಂದು ಪಕ್ಕ ಒಳಕ್ಕೆ ಕುಸಿದು ಎರಡು ಪದರದ ಬಟ್ಟಲು. ಭ್ರೂಣ ದಾಟುವ ಈ ಹಂತಗಳನ್ನೇ ಪ್ರಾಣಿಕುಲದ ಪೂರ್ವಜರೂ ದಾಟಿರಬೇಕು ಎಂದು ಹೆಕೆಲ್ 1870ರ ದಶಕದಲ್ಲಿ ವಾದಿಸಿದ. ಆ ಟೊಳ್ಳು ಉಂಡೆಯ ಪೂರ್ವಜ ಹೇಗಿದ್ದಿರಬಹುದು ಎಂದು ಕೇಳಿದವರಿಗೆ ತೋರಿಸಲು ವಾಲ್ವಾಕ್ಸ್ ಸಿದ್ಧವಾಗಿತ್ತು. ಅದು ಗೋಳ, ಟೊಳ್ಳು, ಈಜುತ್ತದೆ, ಒಂದು ದಿಕ್ಕಿಗೆ ಮುಖವಿದೆ. ಅದರ ಮರಿ ಹುಟ್ಟುವ ರೀತಿಯೂ ಬೆರಗಿನದು. ಕೋಶಗಳು ಒಡೆದು ಗುಂಡಾದಾಗ ಕಶಾಂಗದ ತುದಿಗಳೆಲ್ಲ ಒಳಮುಖವಾಗಿರುತ್ತವೆ. ಆಗ ಒಂದು ಕಡೆ ಬಾಯಿ ತೆರೆದು, ಒಗೆದ ಅಂಗಿಯನ್ನು ಒಳಮೈ ಹೊರಗೆ ಮಾಡುವ ಹಾಗೆ, ಇಡೀ ಗುಂಡು ತನ್ನನ್ನು ತಾನೇ ತಿರುವಿಕೊಳ್ಳುತ್ತದೆ. ಭ್ರೂಣದ ಪದರಗಳು ಮಡಚುವುದನ್ನು ಕಂಡವರಿಗೆ ಈ ಸಾಮ್ಯ ಬಹಳ ಬಲವಾಗಿ ತೋರಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಬ್ಬ ಜರ್ಮನ್, ಆಗಸ್ಟ್ ವೈಸ್‌ಮನ್, ಇದೇ ಗುಂಡಿನಲ್ಲಿ ಮತ್ತೂ ದೊಡ್ಡದೊಂದನ್ನು ಕಂಡ. ಒಂಟಿ ಕೋಶದ ಜೀವಿ ಒಡೆದು ಎರಡಾಗುತ್ತದೆ, ಅದಕ್ಕೆ ಮುಪ್ಪಿನ ಸಾವಿಲ್ಲ. ವಾಲ್ವಾಕ್ಸಿನಲ್ಲಿ ಹಾಗಲ್ಲ. ವಾಲ್ವಾಕ್ಸ್ ಕಾರ್ಟೆರಿಯಲ್ಲಿ ಸುಮಾರು 2,000 ಕೋಶಗಳು ಈಜುವುದಕ್ಕೆ ಮೀಸಲು, ಕೇವಲ 16ರಷ್ಟು ದೊಡ್ಡ ಕೋಶಗಳು ಸಂತಾನಕ್ಕೆ ಮೀಸಲು. ಮರಿಗುಂಡುಗಳು ಬಲಿತು ತಾಯಿಯ ಮೈ ಸೀಳಿ ಹೊರಬಂದ ಮೇಲೆ ಆ ಎರಡು ಸಾವಿರ ಕೋಶಗಳು ಒಡೆಯುವುದಿಲ್ಲ, ಮರಿ ಮಾಡುವುದಿಲ್ಲ. ಕೆಲವು ದಿನಗಳಲ್ಲಿ ಸತ್ತುಹೋಗುತ್ತವೆ. ಸಾಯುವ ಮೈ ಒಂದು ಕಡೆ, ಮುಂದುವರಿಯುವ ಬೀಜ ಒಂದು ಕಡೆ. ಸಾವು ಎಂಬುದು ಮೈ ಎಂಬುದರ ಜೊತೆಗೇ ಬಂತು ಎಂಬ ವೈಸ್‌ಮನ್ನನ ವಿಚಾರಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಅಮೆರಿಕದ ನೆಬ್ರಾಸ್ಕಾದಲ್ಲಿ ಸಿಕ್ಕ ಒಂದು ವಾಲ್ವಾಕ್ಸಿಗೆ 1908ರಲ್ಲಿ ಪವರ್ಸ್ ಎಂಬವನು ವೈಸ್‌ಮನ್ನನ ಹೆಸರನ್ನೇ ಇಟ್ಟ.

ಇದಾದ ಮೇಲೆ ಬರುವುದು ಮದ್ರಾಸಿನ ಅಯ್ಯಂಗಾರರ ಕೆಲಸ. ಮದ್ರಾಸಿನ ವಾಲ್ವಾಕ್ಸ್ ಬಳಗದ ಬಗ್ಗೆ ಅವರ ಮೊದಲ ಬರಹ 1920ರಲ್ಲಿ ಭಾರತದ ಒಂದು ಸಸ್ಯಶಾಸ್ತ್ರ ಪತ್ರಿಕೆಯಲ್ಲಿ ಬಂತು. ಲಂಡನ್ನಿನಲ್ಲಿ ಎಫ್.ಇ. ಫ್ರಿಟ್ಶ್ ಅವರ ಬಳಿ ಕೆಲಸ ಮಾಡಿ ಬರೆದ 1933ರ ಪ್ರಬಂಧದಲ್ಲಿ ಯೂಡೊರಿನಾ ಇಂಡಿಕಾ, ವಾಲ್ವಾಕ್ಸ್ ಪ್ರೊಲಿಫಿಕಸ್ ಮುಂತಾದ ಹೊಸ ಜಾತಿಗಳು ಲೋಕಕ್ಕೆ ಪರಿಚಯವಾದವು. ಅವರು ತೀರಿಕೊಂಡದ್ದು 1963ರಲ್ಲಿ. ಶಿಷ್ಯ ಟಿ.ವಿ. ದೇಶಿಕಾಚಾರಿ ಜೊತೆಗೂಡಿ ಪೂರ್ತಿಮಾಡಿದ ದೊಡ್ಡ ಗ್ರಂಥ, ಈ ಇಡೀ ಬಳಗದ ಬಗೆಗಿನದು, 1981ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಮಂಡಳಿಯಿಂದ ಹೊರಬಂತು. ಕೃಷಿ ಮಂಡಳಿ ಪಾಚಿಯ ಪುಸ್ತಕ ಅಚ್ಚುಹಾಕಿದ್ದು ಯೋಗ್ಯವಾಗಿಯೇ ಇದೆ: ಗದ್ದೆಯ ನೀರಿನಲ್ಲೂ ಇವು ಬದುಕುತ್ತವೆ.

ಕರ್ನಾಟಕದಲ್ಲಿ ಕೆರೆನೀರಿನ ಪಾಚಿಗಳನ್ನು ಹಿಡಿದು ಕೂತವರು ಧಾರವಾಡದ ಎಸ್.ಜಿ. ಭಾರತಿ ಮತ್ತು ಎಸ್.ಪಿ. ಹೊಸಮನಿ. ಧಾರವಾಡ ಸುತ್ತಲಿನ ಕೆರೆ-ಹೊಂಡಗಳ ಪಾಚಿಗಳನ್ನು ಹೋಲಿಸಿ ಅವರು 1980ರಲ್ಲಿ ಪ್ರಕಟಿಸಿದರು. ಹೊಸಮನಿ ಮುಂದೆ ಮೈಸೂರಿನ ಕೆರೆಗಳ ಕಡೆಗೂ ಬಂದರು.

ಬೇಸಿಗೆಯಲ್ಲಿ ಕೆರೆ ಬತ್ತಿ ನೆಲ ಬಿರಿದಾಗ ಈ ಗುಂಡುಗಳು ಎಲ್ಲಿ ಹೋಗುತ್ತವೆ? ನೀರು ಚೆನ್ನಾಗಿರುವಾಗ ವಾಲ್ವಾಕ್ಸ್ ಗಂಡುಹೆಣ್ಣಿನ ಗೊಡವೆಗೆ ಹೋಗದೆ ಎರಡು ದಿನಕ್ಕೊಂದು ತಲೆಮಾರಿನಂತೆ ಮರಿ ಹಾಕುತ್ತ ಹೋಗುತ್ತದೆ. ನೀರು ಕಾದಾಗ ಚಿತ್ರ ಬದಲಾಗುತ್ತದೆ. ಡೇವಿಡ್ ಕರ್ಕ್ ಮತ್ತು ಮರಿಲಿನ್ ಕರ್ಕ್ 1986ರಲ್ಲಿ ತೋರಿಸಿದಂತೆ, ಬಿಸಿ ತಾಗಿದ ವಾಲ್ವಾಕ್ಸಿನ ಮೈಕೋಶಗಳೇ ಒಂದು ಪ್ರೋಟೀನನ್ನು ನೀರಿಗೆ ಬಿಡುತ್ತವೆ. ಅದು ಲವಲೇಶ ಸಾಕು, ಸುತ್ತಲಿನ ಗುಂಡುಗಳ ಮುಂದಿನ ತಲೆಮಾರು ಗಂಡು-ಹೆಣ್ಣಾಗಿ ಹುಟ್ಟುತ್ತದೆ. ಅವು ಕೂಡಿ ಆಗುವ ಬೀಜಕಣಕ್ಕೆ ದಪ್ಪ ಕವಚ, ಕಿತ್ತಳೆಗೆಂಪು ಬಣ್ಣ. ಒಣಗಿದ ಕೆಸರಿನಲ್ಲಿ ಅದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಾಯುತ್ತದೆ. ಮುಂಗಾರಿನ ನೀರು ಬಿದ್ದಾಗ ಮೊಳೆಯುತ್ತದೆ. ಸ್ಪಂಜೂ ಇದೇ ಕಷ್ಟಕ್ಕೆ ತನ್ನದೇ ದಾರಿ ಕಂಡುಕೊಂಡಿದೆ: ಜೆಮ್ಯೂಲ್ ಎಂಬ ಪುಟ್ಟ ಗಟ್ಟಿ ಉಂಡೆಗಳಲ್ಲಿ ತನ್ನ ಮೂಲಕೋಶಗಳನ್ನು ಕಟ್ಟಿಟ್ಟು ಮೈ ಕಳಚುತ್ತದೆ. ಭಾರತದ ಸಿಹಿನೀರಿನ ಸ್ಪಂಜುಗಳ ಬಗ್ಗೆ 1911ರಲ್ಲಿ ಪ್ರಮಾಣಗ್ರಂಥ ಬರೆದ, ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ನೆಲ್ಸನ್ ಅನಾಂಡೇಲ್, ಈ ಜೆಮ್ಯೂಲುಗಳ ರಚನೆ ನೋಡಿಯೇ ಜಾತಿಗಳನ್ನು ಬೇರ್ಪಡಿಸಿದ್ದಾನೆ.

ಇಷ್ಟೆಲ್ಲ ಸೊಗಸಿದ್ದರೂ ವಾಲ್ವಾಕ್ಸ್ ಪ್ರಾಣಿಗಳ ಪೂರ್ವಜನಲ್ಲ, ಪೂರ್ವಜನ ಹತ್ತಿರದ ನೆಂಟನೂ ಅಲ್ಲ. ಅದು ಹಸಿರು ಪಾಚಿ. ಕುಲದ ಲೆಕ್ಕದಲ್ಲಿ ನಮಗಿಂತ ಭತ್ತಕ್ಕೆ, ಕಬ್ಬಿಗೆ ಹತ್ತಿರ. ಕಾಲದ ಲೆಕ್ಕ ಇನ್ನೂ ನಿಷ್ಠುರ. ವಾಲ್ವಾಕ್ಸಿನ ಬಳಗ ಕ್ಲಾಮಿಡೊಮೊನಸ್‌ನಂಥ ಒಂಟಿ ಕೋಶದಿಂದ ಕವಲೊಡೆದದ್ದು ಸುಮಾರು 20 ಕೋಟಿ ವರ್ಷಗಳ ಹಿಂದೆ. ಪ್ರಾಣಿಗಳು ಹುಟ್ಟಿದ್ದು 60 ಕೋಟಿ ವರ್ಷಕ್ಕೂ ಹಿಂದೆ. ಮೊದಲ ವಾಲ್ವಾಕ್ಸ್ ಕೆರೆಯಲ್ಲಿ ಉರುಳುವ ಹೊತ್ತಿಗೆ ದಡದ ಮೇಲೆ ಡೈನೋಸಾರ್‌ಗಳಿದ್ದವು. ಅದನ್ನು ಪ್ರಾಣಿಕುಲದ ಕೊಂಡಿ ಎಂದು ಕರೆಯುವ ಪುಸ್ತಕ ವಿದ್ಯಾರ್ಥಿಗೆ ಅನ್ಯಾಯ ಮಾಡುತ್ತದೆ, ವಾಲ್ವಾಕ್ಸಿಗೂ ಅನ್ಯಾಯ ಮಾಡುತ್ತದೆ. ಅದರ ನಿಜವಾದ ಬೆಲೆ ಬೇರೆ: ಒಂಟಿ ಕೋಶದಿಂದ ಮೈಗೆ ಹೋಗುವ ದಾರಿಯ ಬಹುತೇಕ ಎಲ್ಲ ಮೆಟ್ಟಿಲುಗಳೂ ಇವತ್ತಿಗೂ ಜೀವಂತವಾಗಿ ಸಿಗುವ ಬಳಗ ಅದು. 2010ರಲ್ಲಿ ವಾಲ್ವಾಕ್ಸ್ ಕಾರ್ಟೆರಿಯ ಜೀನೋಮ್ ಓದಿದಾಗ ಅದರಲ್ಲಿ ಸಿಕ್ಕ ಜೀನ್‌ಗಳು ಸುಮಾರು 14,500. ಒಂಟಿ ಕೋಶದ ಕ್ಲಾಮಿಡೊಮೊನಸ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ, ಬಹುಪಾಲು ಅವೇ. ಮೈಕೋಶಗಳು ಮರಿ ಮಾಡದಂತೆ ತಡೆಯುವ ಜೀನ್ ಕೂಡ, ಬೆಳಕು ಕಡಿಮೆಯಾದಾಗ ಬೆಳವಣಿಗೆ ತಡೆಹಿಡಿಯುತ್ತಿದ್ದ ಹಳೆಯ ಜೀನಿನ ವಂಶದ್ದೇ. ಮೈ ಕಟ್ಟಲು ಹೊಸ ಸಾಮಾನು ಹೆಚ್ಚು ಬೇಕಾಗಲಿಲ್ಲ.

ಹಾಗಾದರೆ ಪ್ರಾಣಿಗಳ ನೆಂಟ ಯಾರು? ಉತ್ತರ 1866ರಷ್ಟು ಹಿಂದೆಯೇ ಸಿಕ್ಕಿತ್ತು. ಅಮೆರಿಕದ ಹೆನ್ರಿ ಜೇಮ್ಸ್-ಕ್ಲಾರ್ಕ್ ಕೊಳದ ಮತ್ತು ಕಡಲಿನ ನೀರಿನಲ್ಲಿ ವಿಚಿತ್ರವಾದ ಒಂಟಿ ಕೋಶಗಳನ್ನು ಕಂಡ. ಒಂದೇ ಕಶಾಂಗ, ಅದರ ಬುಡದ ಸುತ್ತ ತೆಳುವಾದ ಕೊರಳಪಟ್ಟಿ. ಕಶಾಂಗ ಬಡಿದಂತೆ ನೀರು ಹರಿಯುತ್ತದೆ, ಬ್ಯಾಕ್ಟೀರಿಯಾ ಬಂದು ಕೊರಳಪಟ್ಟಿಗೆ ತಗುಲುತ್ತವೆ, ಕೋಶ ಅವನ್ನು ನುಂಗುತ್ತದೆ. ಕೊಯನೊಫ್ಲಾಜೆಲೇಟ್ ಎಂಬುದು ಇವುಗಳ ಹೆಸರು. ಒಂದೊಂದರ ಮೈ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ಚಿಕ್ಕದು. ಆಮೇಲೆ ಅವನು ಸ್ಪಂಜನ್ನು ಸೂಕ್ಷ್ಮದರ್ಶಕದ ಅಡಿ ಇಟ್ಟಾಗ ಅದರೊಳಗಿನ ನೀರೆಳೆಯುವ ಕೋಶಗಳಿಗೂ ಅದೇ ಕೊರಳಪಟ್ಟಿ, ಅದೇ ಕಶಾಂಗ. ಸ್ಪಂಜು ಎಂದರೆ ಈ ಕೋಶಗಳ ಕೂಟವೇ ಎಂದು ಅವನು ಬರೆದ.

ಆ ವೇಳೆಗೆ ಕಾರ್ಟರ್ ನಿವೃತ್ತನಾಗಿ ಡೆವನ್ನಿನ ತನ್ನ ಹುಟ್ಟೂರು ಸೇರಿ ಕೆಲವು ವರ್ಷವಾಗಿತ್ತು. ಸ್ಪಂಜಿನ ವಿಷಯದಲ್ಲಿ ಆಗ ಅವನ ಮಾತಿಗೆ ತೂಕವಿತ್ತು. 1871ರಲ್ಲಿ ತಾನೇ ಪರೀಕ್ಷಿಸಿ ನೋಡಿ, ಸ್ಪಂಜಿನ ಕೋಶದ ನಿಜವಾದ ಆಕಾರವನ್ನು ಕಂಡವನು ಜೇಮ್ಸ್-ಕ್ಲಾರ್ಕ್ ಎಂದು ಪತ್ರಿಕೆಯಲ್ಲಿ ದೃಢಪಡಿಸಿದ. ಮುಂಬಯಿಯ ಕೆರೆಯಲ್ಲಿ ತಾನು ಹದಿನಾಲ್ಕು ವರ್ಷ ಮೊದಲೇ ನೋಡಿದ್ದ ಕೋಶಗಳ ಬಗ್ಗೆ ಇನ್ನೊಬ್ಬನ ಕಣ್ಣು ಹೆಚ್ಚು ಸೂಕ್ಷ್ಮವಾಗಿತ್ತೆಂದು ಒಪ್ಪಿ ಅಚ್ಚುಹಾಕಿಸುವುದು ಸಣ್ಣ ಗುಣವಲ್ಲ. ಹತ್ತು ವರ್ಷದ ಬಳಿಕ ವಿಲಿಯಂ ಸ್ಯಾವಿಲ್-ಕೆಂಟ್, ಲೋಳೆಯಲ್ಲಿ ಹುದುಗಿ ಕೂಟವಾಗಿ ಬದುಕುವ ಒಂದು ಕೊಯನೊಫ್ಲಾಜೆಲೇಟನ್ನು ವಿವರಿಸಿ ಪ್ರೊಟೆರೊಸ್ಪಂಜಿಯಾ ಎಂದು ಹೆಸರಿಟ್ಟ. ಕೊಂಡಿ ಎಂಬ ಮಾತು ಯಾವುದಕ್ಕಾದರೂ ಸಲ್ಲುವುದಿದ್ದರೆ ಇದಕ್ಕೆ ಸಲ್ಲಬೇಕು.

ಪ್ರಾಣಿಗಳ ಆರಂಭಕ್ಕೆ ಸಾಕ್ಷಿಯಾಗಿ ಪಳೆಯುಳಿಕೆಗಳನ್ನು ನೆಚ್ಚುವುದು ಕಷ್ಟ. ಮೆತ್ತನೆಯ ಮೈ ಕಲ್ಲಿನಲ್ಲಿ ಉಳಿಯುವುದು ಅಪರೂಪ, ಉಳಿದಂತೆ ಕಂಡದ್ದೂ ಮೋಸ ಮಾಡುತ್ತದೆ. ಮಧ್ಯಪ್ರದೇಶದ ಭೀಮ್‌ಬೆಟ್ಕಾದ ಗುಹೆಯ ಸೂರಿನಲ್ಲಿ 55 ಕೋಟಿ ವರ್ಷ ಹಳೆಯ ಡಿಕಿನ್‌ಸೋನಿಯಾ ಎಂಬ ಪ್ರಾಣಿಯ ಗುರುತು ಸಿಕ್ಕಿತೆಂದು 2021ರಲ್ಲಿ ದೊಡ್ಡ ಸುದ್ದಿಯಾಯಿತು. ಎರಡೇ ವರ್ಷದಲ್ಲಿ ಅದು ಉದುರಿಹೋದ ಹೆಜ್ಜೇನುಗೂಡಿನ ಕಲೆ ಎಂದು ಸಾಬೀತಾಯಿತು. ಆದ್ದರಿಂದಲೇ ಬದುಕಿರುವ ನೆಂಟರ ಜೀನ್‌ಗಳನ್ನು ಓದುವ ಕೆಲಸಕ್ಕೆ ಇಷ್ಟು ಮಹತ್ವ.

ಆ ಕೆಲಸದಲ್ಲಿ ಮುಂದಿರುವವರು ಅಮೆರಿಕದ ನಿಕೋಲ್ ಕಿಂಗ್. ಮೊನೊಸೀಗಾ ಎಂಬ ಕೊಯನೊಫ್ಲಾಜೆಲೇಟಿನ ಜೀನೋಮ್ 2008ರಲ್ಲಿ ಹೊರಬಂದಾಗ ಜೀವವಿಜ್ಞಾನಿಗಳು ಬೆರಗಾದರು. ಪ್ರಾಣಿಗಳಲ್ಲಿ ಒಂದು ಕೋಶವನ್ನು ಇನ್ನೊಂದಕ್ಕೆ ಅಂಟಿಸುವುದು ಕ್ಯಾಡ್‌ಹೆರಿನ್ ಎಂಬ ಪ್ರೋಟೀನ್. ಎಂದೂ ಕೂಟ ಕಟ್ಟದ ಈ ಒಂಟಿ ಕೋಶದಲ್ಲಿ ಅಂಥ 23 ಜೀನ್‌ಗಳಿದ್ದವು. ಬಹುಶಃ ಬ್ಯಾಕ್ಟೀರಿಯಾ ಹಿಡಿಯಲೆಂದು ಇದ್ದ ಅಂಟು ಮುಂದೆ ಒಡಹುಟ್ಟಿದವರನ್ನು ಹಿಡಿದಿಡಲು ಬಂತು. ಸಾಲ್ಪಿಂಗೊಯಿಕಾ ರೊಸೆಟ್ಟಾ ಎಂಬ ಇನ್ನೊಂದು ಜಾತಿಯಲ್ಲಿ ಒಂಟಿ ಕೋಶ ಒಡೆದ ಮೇಲೆ ಮರಿಗಳು ಬೇರಾಗದೆ ಹೂವಿನಾಕಾರದ ಕೂಟವಾಗುತ್ತವೆ. ಅದಕ್ಕೆ ಕಾರಣ ಹುಡುಕಿದರೆ ಸಿಕ್ಕಿದ್ದು ಒಂದು ಬ್ಯಾಕ್ಟೀರಿಯಾ. ಅದು ಬಿಡುವ ಒಂದು ಕೊಬ್ಬಿನ ಅಣು ನೀರಿನಲ್ಲಿದ್ದರೆ ಕೂಟ ಮೂಡುತ್ತದೆ, ಬ್ಯಾಕ್ಟೀರಿಯಾವನ್ನು ಕೊಂದುಬಿಟ್ಟರೆ ಮೂಡುವುದಿಲ್ಲ. 2012ರಲ್ಲಿ ಇದು ಪ್ರಕಟವಾಯಿತು. ಕ್ಯುರಸಾವ್ ದ್ವೀಪದ ಬಂಡೆಗುಂಡಿಗಳಲ್ಲಿ ಸಿಕ್ಕಿ 2019ರಲ್ಲಿ ವರದಿಯಾದ ಕೊಯನೊಯಿಕಾ ಫ್ಲೆಕ್ಸಾ ಬಟ್ಟಲಿನಾಕಾರದ ಕೂಟ. ಬೆಳಕು ಮಂಕಾದರೆ ಇಡೀ ಬಟ್ಟಲು ಕ್ಷಣದಲ್ಲಿ ಒಳಮೈ ಹೊರಗಾಗಿ ತಿರುವಿಕೊಳ್ಳುತ್ತದೆ. ವಾಲ್ವಾಕ್ಸಿನಲ್ಲಿ ಕಂಡ ಚಮತ್ಕಾರ ಇಲ್ಲಿ ಪ್ರಾಣಿಗಳ ಖಾಸಾ ನೆಂಟನಲ್ಲೇ ಬೇರೆ ರೀತಿಯಲ್ಲಿ ಹುಟ್ಟಿಬಂದಿದೆ.

ಎಲ್ಲವೂ ತೀರ್ಮಾನವಾಯಿತೆಂದಲ್ಲ. ಸ್ಪಂಜಿನ ಕೊರಳಪಟ್ಟಿ ಕೋಶದಲ್ಲಿ ಚಾಲೂ ಇರುವ ಜೀನ್‌ಗಳು ಕೊಯನೊಫ್ಲಾಜೆಲೇಟಿನದಕ್ಕೆ ಅಷ್ಟೇನೂ ಹೊಂದುವುದಿಲ್ಲ, ಮೊದಲ ಪ್ರಾಣಿಯ ಕೋಶ ಬೇಕಾದ ರೂಪ ತಾಳಬಲ್ಲ ಅಲೆಮಾರಿ ಕೋಶವಾಗಿದ್ದಿರಬೇಕು ಎಂದು ಆಸ್ಟ್ರೇಲಿಯಾದ ಸಂಶೋಧಕರು 2019ರಲ್ಲಿ ವಾದಿಸಿದರು. ಪ್ರಾಣಿಕುಲದಲ್ಲಿ ಮೊದಲು ಕವಲಾದದ್ದು ಸ್ಪಂಜಲ್ಲ, ಕಡಲಿನ ಬಾಚಣಿಗೆ ಜೆಲ್ಲಿ ಎಂಬ ಪಕ್ಷಕ್ಕೂ 2023ರಲ್ಲಿ ಕ್ರೋಮೋಸೋಮುಗಳ ಸಾಕ್ಷ್ಯ ಬಲಕೊಟ್ಟಿತು. ಆದರೆ ಎಲ್ಲ ಪ್ರಾಣಿಗಳಿಗೂ ಬದುಕಿರುವವುಗಳಲ್ಲಿ ಅತಿ ಹತ್ತಿರದ ನೆಂಟ ಕೊಯನೊಫ್ಲಾಜೆಲೇಟ್ ಎಂಬ ಮಾತಿಗೆ ಈ ಯಾವ ತಕರಾರೂ ಅಡ್ಡಬಂದಿಲ್ಲ.

ಕನ್ನಡ ನೆಲದಲ್ಲಿ ಈ ಪ್ರಶ್ನೆಯನ್ನು ಬೇರೆ ಬಾಗಿಲಿನಿಂದ ಹೊಕ್ಕವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾನಂದ ನಂಜುಂಡಯ್ಯ. ಅವರ ಜೀವಿ ಸಾಮಾಜಿಕ ಅಮೀಬಾ. ಮಣ್ಣಿನಲ್ಲಿ ಒಂಟಿಯಾಗಿ ಬ್ಯಾಕ್ಟೀರಿಯಾ ತಿಂದು ಬದುಕುವ ಈ ಅಮೀಬಾಗಳು ಹಸಿವಾದಾಗ ಸಾವಿರಾರು ಸಂಖ್ಯೆಯಲ್ಲಿ ಒಂದೆಡೆ ಸೇರಿ ಒಂದು ಕಂಬ, ಅದರ ತುದಿಗೆ ಬೀಜಕಣಗಳ ಗಂಟು ಕಟ್ಟುತ್ತವೆ. ಕಂಬವಾದ ಐದರಲ್ಲಿ ಒಂದು ಪಾಲು ಕೋಶಗಳು ಸಾಯುತ್ತವೆ, ಉಳಿದವು ಹಾರಿಹೋಗಿ ಬದುಕುತ್ತವೆ. ಬಂಡೀಪುರಕ್ಕೆ ಅಂಟಿಕೊಂಡ ಮುದುಮಲೆ ಕಾಡಿನ ಮಣ್ಣು, ಪ್ರಾಣಿಗಳ ಲದ್ದಿಗಳಿಂದ ತಂದ ಮಾದರಿಗಳಲ್ಲಿ ಒಂದೇ ಗಂಟಿನೊಳಗೆ ಬೇರೆ ಬೇರೆ ವಂಶದ ಅಮೀಬಾಗಳು ಕೂಡಿರುವುದನ್ನು ನಂಜುಂಡಯ್ಯ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದರು. ಎಲ್ಲೆಲ್ಲಿಂದಲೋ ಬಂದು ಕೂಡಿದರೆ ಸಾಯುವ ಪಾಳಿ ಯಾರದು ಎಂಬ ಜಗಳ ಒಳಗೇ ಇರುತ್ತದೆ. ಸ್ಪಂಜೂ ಸೇರಿ ಪ್ರಾಣಿಗಳು, ವಾಲ್ವಾಕ್ಸ್ ಹಿಡಿದದ್ದು ಇನ್ನೊಂದು ದಾರಿ: ಒಂದೇ ಕೋಶದಿಂದ ಒಡೆದ ಮರಿಗಳು ಅಗಲದೆ ಉಳಿಯುವುದು. ಎಲ್ಲವೂ ಒಂದೇ ಬೀಜದವಾದ್ದರಿಂದ ಸಾಯುವ ಕೋಶಕ್ಕೂ ನಷ್ಟವಿಲ್ಲ. ದೊಡ್ಡ ಮೈಗಳೆಲ್ಲ ಈ ಎರಡನೆಯ ದಾರಿಯಲ್ಲೇ ಬೆಳೆದವು.

ಮಂಡ್ಯ ಸೀಮೆಯ ನೀರಿನ ಚರಿತ್ರೆ ಈ ನಡುವೆ ತಿರುವು ಪಡೆಯಿತು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ 1930ರ ದಶಕದ ಆರಂಭಕ್ಕೆ ಮುಗಿದು, ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯ, ಮದ್ದೂರು, ಮಳವಳ್ಳಿಗಳ ಬೆದ್ದಲನ್ನು ಗದ್ದೆ ಮಾಡಿತು. 1933ರಲ್ಲಿ, ಅಯ್ಯಂಗಾರರ ಪ್ರಬಂಧ ಬಂದ ವರ್ಷವೇ, ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು. ವರ್ಷಕ್ಕೊಮ್ಮೆ ಬತ್ತಿ ತುಂಬುತ್ತಿದ್ದ ಕೆರೆಗಳಲ್ಲಿ ಎಷ್ಟೋ ನಾಲೆಯ ಬಸಿನೀರಿನಿಂದ ಬಹುಕಾಲ ತುಂಬಿರತೊಡಗಿದವು. ಬತ್ತುವ ಕೆರೆಗೆಂದೇ ಬೀಜಕಣ, ಜೆಮ್ಯೂಲುಗಳನ್ನು ರೂಪಿಸಿಕೊಂಡ ಜೀವಿಗಳಿಗೆ ಇದು ಬೇರೆ ಲೋಕ. ರಸಗೊಬ್ಬರ, ಊರಿನ ಕೊಳಚೆ ಸೇರಿದ ನೀರಿನಲ್ಲಿ ನೀಲಿಹಸಿರು ಬ್ಯಾಕ್ಟೀರಿಯಾ ಕೆನೆಗಟ್ಟುತ್ತದೆ. ಅದರ ಕೆಳಗೆ ಆಮ್ಲಜನಕ ಸಿಗದೆ ಸ್ಪಂಜಿನಂಥ ಜೀವಿಗಳು ಹಿಂದೆಗೆಯುತ್ತವೆ. ಸ್ಪಂಜು ಇದೆಯೋ ಇಲ್ಲವೋ ಎಂದು ನೋಡುವುದು ಕೆರೆಯ ಆರೋಗ್ಯವನ್ನು ಅಳೆಯುವ ಅಗ್ಗದ ಉಪಾಯ.

ಕೆರಗೋಡು, ಮದ್ದೂರು, ಮಳವಳ್ಳಿಯ ಪ್ರೌಢಶಾಲೆ ಮತ್ತು ಪಿಯು ಕಾಲೇಜುಗಳ ಜೀವಶಾಸ್ತ್ರದ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ವಿನಂತಿ. ಮುಂಗಾರು ಹಿಡಿದು ಎರಡು ಮೂರು ವಾರವಾದ ಮೇಲೆ, ಕೆನೆಗಟ್ಟದ ಒಂದು ಕುಂಟೆಯಿಂದ ಗಾಜಿನ ಬಾಟಲಿಯಲ್ಲಿ ನೀರು ತಂದು ಕಿಟಕಿಯ ಬಳಿ ಇಡಿ. ವಾಲ್ವಾಕ್ಸ್ ಇದ್ದರೆ ಸ್ವಲ್ಪ ಹೊತ್ತಿನಲ್ಲಿ ಬೆಳಕಿನ ಪಕ್ಕಕ್ಕೆ ಬಂದು ಸೇರುತ್ತದೆ. ಹತ್ತು ಪಟ್ಟಿನ ಭೂತಗನ್ನಡಿ ಸಾಕು. ಬೇಸಿಗೆಗೆ ನೀರು ಇಳಿದಾಗ ತೂಬಿನ ಕಲ್ಲು, ಮುಳುಗಿದ್ದ ಮರದ ಬೊಡ್ಡೆಗಳ ಮೇಲೆ ಬೂದು-ಹಳದಿಯ ಒರಟು ಹೆಪ್ಪು ಕಂಡರೆ ಚೂರು ಕಿತ್ತು ಬ್ಲೀಚಿನಲ್ಲಿ ಹಾಕಿ. ಮಾಂಸ ಕರಗಿ ಗಾಜಿನ ಸೂಜಿಯಂಥ ಮುಳ್ಳುಗಳು ಉಳಿದರೆ ಅದು ಸ್ಪಂಜು. ಬ್ಲೀಚನ್ನು ದೊಡ್ಡವರೇ ಹಾಕಿ, ಮಕ್ಕಳ ಕೈಗೆ ಕೊಡಬೇಡಿ. ಕೆರೆಯ ಹೆಸರು, ದಿನಾಂಕ, ಸಿಕ್ಕ ಜಾಗವನ್ನು ಶಾಲೆಯ ಪುಸ್ತಕದಲ್ಲಿ ಪ್ರತಿವರ್ಷ ಬರೆದಿಡಿ. ಪಾಠದಲ್ಲಿ ವಾಲ್ವಾಕ್ಸಿನ ಚಿತ್ರ ಬಂದಾಗ ಅದು ಪಾಚಿಗಳು ತಾವಾಗಿ ಕಂಡುಕೊಂಡ ದಾರಿ ಎಂದೂ, ಮನುಷ್ಯನೂ ಸೇರಿದ ಪ್ರಾಣಿಕುಲದ ಹತ್ತಿರದ ನೆಂಟ ಸ್ಪಂಜಿನೊಳಗೆ ನೀರೆಳೆಯುವ ಕೋಶವನ್ನು ಹೋಲುವ ಒಂಟಿ ಜೀವಿಯೆಂದೂ ಮಕ್ಕಳಿಗೆ ಹೇಳಿಕೊಡಿ.